ಅರ್ಧ ಗಂಟೆ

ಹಾಜರಿ ಹಾಳೆಗಳು ಶಾರ್ಜಾದಲ್ಲೇ ಅಚ್ಚಾಗಿ ಬರುತ್ತವೆ,
ಸಿಮೆಂಟ್ ಮೂಟೆಗಳ ಜೊತೆ, ಅದೇ ಲಾರಿಯಲ್ಲಿ,
ಖತ್ಮತ್ ಮಲಾಹದ ಗಡಿಯಲ್ಲಿ ಒಂದು ಮುದ್ರೆ ಒತ್ತಿಸಿಕೊಂಡು.
ಬಿಡುವು: ಹನ್ನೆರಡೂವರೆಯಿಂದ ಮೂರು.
ಮೂರರ ಮುಂದೆ ಚುಕ್ಕಿಗೆರೆ,
ಗೆರೆಯ ಮೇಲೆ ಹೆಬ್ಬೆಟ್ಟು.

ಗಡಿಯ ಈಚೆ, ಈ ಶಿನಾಸಿನಲ್ಲಿ,
ಜೂನ್ ಬಂತೆಂದರೆ ಬಿಡುವು ಮೂರೂವರೆಯ ತನಕ.
ಎರಡೂ ದೇಶಕ್ಕೆ ಗಡಿಯಾರ ಒಂದೇ,
ಖರ್ಜೂರ ಕೆಂಪೇರುವ ವಾರವೂ ಹೆಚ್ಚುಕಮ್ಮಿ ಒಂದೇ.
ನಡುವೆ ಈ ಅರ್ಧ ಗಂಟೆ ಮಾತ್ರ
ಅಂಗಡಿಯವ ಕೊಡಲು ಮರೆತ ಚಿಲ್ಲರೆಯ ಹಾಗೆ.

ನನಗೆ ಗೊತ್ತಾದದ್ದು ಜೂನಿನ ಹನ್ನೊಂದಕ್ಕೆ,
ಲೇಬರ್ ಕಚೇರಿಯಿಂದ ತಂದ ಅರಬ್ಬಿ ಸುತ್ತೋಲೆಯನ್ನು
ಖಮೀಸ್ ಬೆರಳಿಟ್ಟು ಓದಿ ಹೇಳಿದಾಗ.
ಹತ್ತು ಮಧ್ಯಾಹ್ನ ಆಗಲೇ ಹೋಗಿದ್ದವು.
ಹನ್ನೊಂದನೆಯದೂ ಹೋಗುತ್ತಿತ್ತು:
ಹೊರಗೆ, ತೂಗುಹಾಕಿದ ಪೈಪಿನ ತುಂಡು ಢಣ್ ಎಂದಿತು,
ಲಿಂಗಸುಗೂರಿನ ಹುಸೇನಪ್ಪ ಟವೆಲ್ ಅದ್ದಿ ತಲೆಗೆ ಸುತ್ತಿ ಎದ್ದ.
"ಬಿಸಲು ನಮಗೇನ್ ಹೊಸಾದಾ ಅಕ್ಕಾರ?
ನಮ್ಮೂರಂದು ಸುಟ್ಟದ್ದು.
ಇಲ್ಲಿಂದು ಕುದಿಸಿದ್ದು."

ಸಾಹೇಬರಿಗೆ ಫೋನು ಮಾಡಿದೆ.
"ಲೈಸೆನ್ಸು ಶಾರ್ಜಾದ್ದು. ಒಪ್ಪಂದ ಶಾರ್ಜಾದ್ದು.
ಸಂಬಳ ಹೋಗುವ ಬ್ಯಾಂಕು ಶಾರ್ಜಾದ್ದು.
ನೀನು ಹೊಸ ಬಿಸಿಲು ಎಲ್ಲಿಂದ ತಂದೆ?"
ಈ ನೆಲದ ಕಾನೂನು, ಸರ್, ಎಂದೆ.
"ಬರೆದು ಕಳಿಸು" ಎಂದರು. ಕಳಿಸಿದರೆ
ಓದುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಈ ನೆಲದ ಕಾನೂನು.
ಶಿರ್ವದ ಶಾಲೆಯಲ್ಲಿ ಪೌರನೀತಿಯ ಉತ್ತರಕ್ಕೆ
ಕೊನೆಯ ಸಾಲಾಗಿ ಬರೆಯುತ್ತಿದ್ದ ಮಾತು,
ಬರೆದರೆ ಒಂದು ಅಂಕ ಹೆಚ್ಚು.
ನೆಲವೆಂದರೆ ಆಗ ಭೂಪಟದ ಬಣ್ಣ.
ಖಮೀಸ್ ಬಗ್ಗಿ ಅಂಗೈಯನ್ನು ಮರಳಿಗೆ ಒತ್ತಿ
ನಾಲ್ಕು ಎಣಿಸುವುದರೊಳಗೆ ತೆಗೆದ.
"ಇದರಲ್ಲಿ ಶಾರ್ಜಾ ಎಲ್ಲಿದೆ, ತೋರಿಸು" ಎಂದ.

ರಾತ್ರಿ ಕೂತು ಲೆಕ್ಕ ಹಾಕಿದೆ.
ನಲವತ್ತೇಳು ಜನ, ತಲಾ ಅರ್ಧ:
ಇಪ್ಪತ್ತಮೂರೂವರೆ ಗಂಟೆ.
ದಿನಕ್ಕೊಂದು ದಿನವನ್ನೇ ಕದಿಯುತ್ತಿದ್ದೇವೆ,
ಅರ್ಧ ಗಂಟೆ ಕಡಿಮೆ.
ತಪ್ಪಿರಬೇಕೆಂದು ಮತ್ತೆ ಕೂಡಿಸಿದೆ. ತಪ್ಪಿರಲಿಲ್ಲ.

ಕೂಡಿಸುವಾಗ ಕಡತದಡಿ ನನ್ನದೇ ಒಪ್ಪಂದ ಸಿಕ್ಕಿತು.
ಕೆಲಸದ ಸ್ಥಳ: ಶಾರ್ಜಾ, ಎರಡನೇ ಮಹಡಿ.
ನಾಲ್ಕು ತಿಂಗಳಿಂದ ನಾನಿಲ್ಲಿ ನೆಂಟಳು.
ಭೇಟಿ ವೀಸಾ ಮುಗಿದಾಗೆಲ್ಲ ಗಡಿ ದಾಟಿ,
ಪೆಟ್ರೋಲ್ ಬಂಕಿನಲ್ಲೊಂದು ಚಹಾ ಕುಡಿದು,
ಹೊಸ ನೆಂಟಳಾಗಿ ವಾಪಸಾಗುತ್ತೇನೆ.
ನಲವತ್ತೇಳು ಜನಕ್ಕೆ ಬತಾಕಾ ಮಾಡಿಸಿಕೊಟ್ಟವಳಿಗೆ
ಬತಾಕಾ ಇಲ್ಲ.
ನಾಳೆ ಇನ್‌ಸ್ಪೆಕ್ಟರ್ ಬಂದರೆ
ಈ ಸೈಟಿನಲ್ಲಿ ಇಲ್ಲದವಳು ನಾನೊಬ್ಬಳೇ.

ಬೆಳಗ್ಗೆ ನೀಲಿ ಪೆನ್ನಿನಲ್ಲಿ ತಿದ್ದಿದೆ, ಒಂದೊಂದೇ ಹಾಳೆ.
ಮೂರು ಹೊಡೆದು ಹಾಕಿ ಮೂರೂವರೆ,
ಪಕ್ಕದಲ್ಲಿ ನನ್ನ ಚಿಕ್ಕ ಸಹಿ,
ಯಾವ ಅಧಿಕಾರದಿಂದ ಎಂಬ ಜಾಗ ಖಾಲಿ.

ಮೂರಕ್ಕೆ ಐದು ನಿಮಿಷವಿರುವಾಗ ಹೋಗಿ
ಪೈಪು ಬಡಿಯುವ ಸುತ್ತಿಗೆಯನ್ನು ಎತ್ತಿಕೊಂಡು ಬಂದೆ.
ಮೂರಾಯಿತು. ಏನೂ ಸದ್ದಾಗಲಿಲ್ಲ.
ಆದರೂ ಎಲ್ಲರಿಗೂ ಎಚ್ಚರ,
ಅಭ್ಯಾಸದಿಂದ ಎದ್ದು ಕೂತರು, ಸುತ್ತ ನೋಡಿದರು.
ಸಿಕ್ಕಿದ ಅರ್ಧ ಗಂಟೆಯನ್ನು ಏನು ಮಾಡಬೇಕೆಂದು ತಿಳಿಯದೆ
ಟೇಕ್ ಬಹದ್ದೂರ್ ಉಗುರು ಕತ್ತರಿಸತೊಡಗಿದ.
ಒಬ್ಬ ಇನ್ನೊಬ್ಬನ ಬೂಟಿನ ಲೇಸು ಬದಲಿಸಿಕೊಟ್ಟ.
ಹುಸೇನಪ್ಪ ನನಗೆ ಮೂಟೆಯ ತುದಿ ಬಿಟ್ಟು ಸರಿದ,
ಸುತ್ತಿಗೆಯನ್ನು ನೋಡಿದ, ಕೇಳಲಿಲ್ಲ.

ಕ್ಯಾಬಿನ್ನಿನೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು,
ನಿಂತು, ಮತ್ತೆ.
ಗಡಿಯಾರ ನೋಡಿದೆ.
ಮೂರು ಹದಿನೇಳು.