ನಾಲ್ಕು ಬೈ ಆರು

ಹಲಗಿ ಬಡಿಯವರ ನಂತರ
ಸಾವಿನ ಸುದ್ದಿ ಮುಟ್ಟೋದು ನನಗ.
"ಅಣ್ಣ, ಸಂಜಿಗೆ ಬೇಕು. ನಾಲ್ಕು ಬೈ ಆರು.
ಮುಖ ದೊಡ್ಡದಿರಲಿ."
ಸಿಂಧನೂರು ಬಸ್ ಸ್ಟ್ಯಾಂಡಿನ ಹಿಂದ
ಗೊಬ್ಬರದಂಗಡಿಗೂ ಬಳಿ ಅಂಗಡಿಗೂ ನಡುವ ನನ್ನ ಯಂತ್ರ.
ಗೆದ್ದವರಿಗೆ, ಹುಟ್ಟುಹಬ್ಬದವರಿಗೆ, ಹೋದವರಿಗೆ
ಒಂದ ಸಪ್ಪಳ ಮಾಡತೈತಿ.

ಈ ಶ್ರಾವಣದಾಗ ನಾಕು ಮಂದಿ.

ನೀರಗಂಟಿ ಹುಸೇನಪ್ಪ.
ಉಪಕಾಲುವಿ ತೂಬಿನ ಕೀಲಿ ಅವನ ಉಡದಾರದಾಗ.
ಮೊದಲ ಹೊಲದವನು ರೊಕ್ಕ ತೋರಿಸಿದರೂ
ಕೊನೀ ಹೊಲದವನು ತಾಯಿ ಹಿಡದು ಬೈದರೂ
"ನೀರಿಗೆ ಕಣ್ಣಿಲ್ಲಪ್ಪ, ನನಗೈತಿ" ಅಂತಿದ್ದ.
ಮಗಳು ತಂದದ್ದು ಆಧಾರ್ ಕಾರ್ಡು.
ಹೆಬ್ಬೆಟ್ಟಿನಷ್ಟು ಮುಖ; ನಾಲ್ಕಡಿಗೆ ಎಳದೆ,
ಕಣ್ಣು, ಮೀಸಿ, ಹಣಿ
ಜ್ವಾಳ ಚೆಲ್ಲಿದಂಗ ಕಾಳುಕಾಳಾಗಿ ಬಿಚ್ಚಿಹೋತು.
"ಇದಕ್ಕಿಂತ ಚಂದ ಬರಂಗಿಲ್ಲವ್ವ" ಅಂದೆ.
ಆಕಿ ರಸ್ತೆ ದಾಟಿ, ಟೆಂಪೋ ಮರೀಗೆ ನಿಂತು ನೋಡಿದಳು.
ಅಲ್ಲಿಂದ ಕೂಗಿದಳು:
"ಇಲ್ಲಿಂದ ಅಪ್ಪನ ಕಾಣತಾನ. ಹಿಂಗ ಇರಲಿ."

ಮೂರನೇ ಕ್ಯಾಂಪಿನ ನಿಭಾರಾಣಿ ಮಂಡಲ್, ಮೀನಿನಾಕಿ.
ನಮ್ಮ ಅಕಾರ ಆಕಿ ಬಾಯಾಗ ದುಂಡಗಾಗತಿತ್ತು.
ಹತ್ತು ರೂಪಾಯಿಗೆ "ಹೊತ್ತು ರೂಪಾಯಿ" ಅಂತಿದ್ದಳು,
ನಾವು ನಗತಿದ್ದಿವಿ,
ಆಕಿನೂ ನಗತಿದ್ದಳು,
ನಲವತ್ತು ವರ್ಷ ಬುಟ್ಟಿ ಹೊತ್ತಾಕಿ.
ಮಗ ಬಂಗಾಳಿಯಾಗ ಎರಡು ಸಾಲು ತಂದಿದ್ದ.
ನನ್ನ ಕಂಪ್ಯೂಟರಿನಾಗ ಆ ಲಿಪಿ ಇಲ್ಲ:
ಒತ್ತಿದಂಗೆಲ್ಲ ಖಾಲಿ ಚೌಕ ಬಿದ್ದವು,
ಮನಿ ಬಿಟ್ಟು ಬಂದವರ ಊರಿನ ಕಿಟಕಿಯಂಗ.
ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಕನ್ನಡದಾಗ ಬರಿ ಅಣ್ಣ.
ಆಕಿಗೆ ಬಾಕಿ ಕೊಡಬೇಕಾದವರೆಲ್ಲ ಕನ್ನಡದವರ."

ಬಿಸಿಯೂಟದ ಅಮರಮ್ಮನ ಫೋಟೋದಾಗ
ಭುಜದ ಮ್ಯಾಲ ಒಂದು ಕೈ.
ಹಸಿರು ಬಳಿ, ಉಗುರಿನಾಗ ಅರಿಷಿಣ.
"ಅದನ್ನ ತೆಗಿ" ಅಂದರು ಮನಿಯವರು. ತೆಗದೆ.
ಕೈ ಇದ್ದ ಜಾಗಕ್ಕ
ಆಕಿಯ ಸೀರಿ ಅಂಚನ್ನ ನಕಲು ಮಾಡಿ ಹಚ್ಚಿದೆ,
ಹೊಲಿಗಿ ಕಾಣದಂಗ.
ನನ್ನ ಕೆಲಸಕ್ಕ ನಾನ ಹಿಗ್ಗಿದೆ.

ಐದನೇ ದಿನಕ್ಕ ಒಬ್ಬಾಕಿ ಬಂದಳು,
ಚಪ್ಪಲಿ ಹೊರಗ ಬಿಟ್ಟು.
ಬಸಲಿಂಗಮ್ಮ, ಅದ ಶಾಲಿಯ ಇನ್ನೊಬ್ಬ ಅಡಿಗಿಯಾಕಿ.
"ನನ್ನ ಕೈ ಎಲ್ಲೈತಿ?"
ಹತ್ತೊಂಬತ್ತು ವರ್ಷ ಒಂದ ಹಂಡೆಕ್ಕ ಕೈ ಹಚ್ಚಿ ಇಳಿಸೀವಿ,
ಆ ಕಡಿ ಆಕಿ, ಈ ಕಡಿ ನಾನು.
"ವಾಲಿ ನಿಂತಾಳ ನೋಡು.
ಯಾರಿಗೆ ವಾಲ್ಯಾಳ ಅಂತ
ನೋಡಿದ ಮಂದಿಗೆ ಹೆಂಗ ತಿಳಿಬೇಕು?"

ನನ್ನ ಹತ್ರ ಉತ್ತರ ಇರಲಿಲ್ಲ.
ಚಾ ತರಿಸಿದೆ. ಕುಡಿಲಿಲ್ಲ.
ಮೂಲ ಫೋಟೋ ಅಂಗೈಯಷ್ಟು ತಗಿದು ಕೊಟ್ಟೆ,
ಕುಬುಸದಾಗ ಇಟಗೊಂಡು ಹೋದಳು.

ಲಾಡ್ಲೇಸಾಬ್ ಪೇಂಟರನ ಮನಿಯಿಂದ ಯಾರೂ ಬರಲಿಲ್ಲ.
ನಮ್ಮಲ್ಲಿ ಫೋಟೋ ಹಾಕೋ ರೂಢಿ ಇಲ್ಲ ಅಂದ ಅಳಿಯ.
ಅದಷ್ಟ ಅಲ್ಲ, ನನಗ ಗೊತ್ತು.
ನನ್ನ ಯಂತ್ರ ಬಂದ ವರ್ಷ
ಅವನ ಕುಂಚ ಡಬ್ಬಿಯಾಗ ಒಣಗಿದವು.
ಳ ಬರಿಯೋದು ಕಲಿಸಿದವನು ಅವನ:
"ಬಾಲ ಎಳಿಬ್ಯಾಡೋ, ಅದ ಹೋಗತೈತಿ. ಕೈ ಸಡಲ ಬಿಡು."
ಗಂಜ್ ಗ್ವಾಡಿ ಮ್ಯಾಲ ಇನ್ನೂ ಐತಿ
"ಇಲ್ಲಿ ಉಗುಳಬಾರದು. ಗೋಡೆಗಳೂ ನೋಡುತ್ತವೆ."
ಎರಡನೇ ಸಾಲು ಯಾರೂ ಬರಿಯಾಕ ಹೇಳಿರಲಿಲ್ಲ.
ಅದರ ಳ ಮ್ಯಾಲ ಮಾತ್ರ
ಒಬ್ಬರೂ ಉಗುಳಿಲ್ಲ.

ನಿನ್ನೆ ಮೂರನೇ ಕ್ಯಾಂಪಿಗೆ ಹೋಗಿದ್ದೆ, ಬಾಕಿ ವಸೂಲಿಗೆ.
ಕಾಲುವಿ ಕೊನಿಗೆ, ಕಣದಾಗ ಭತ್ತದ ರಾಶಿ.
ಅಕಾಲದ ಹನಿ ಬಿದ್ದಾವಂತ
ಯಾವುದೋ ಫ್ಲೆಕ್ಸ್ ಎಳದು ಹೊಚ್ಚಿದ್ದರು.
ಸೈಕಲ್ ಮೋಟಾರು ನಿಲ್ಲಿಸಿದೆ.
ಹತ್ತಿರ ಹೋದರ ಬರೇ ಕಾಳು, ಬಣ್ಣ.
ಹಿಂದಕ್ಕ ಸರಿದೆ, ಏರಿ ತನಕ:
ಹುಸೇನಪ್ಪ.
ಹಣಿ ತಗ್ಗಿನಾಗ ನೀರು ನಿಂತು
ಎತ್ತಾಗ ಹರಿಬೇಕಂತ ಕೇಳಂಗಿತ್ತು.
ರಾಶಿ ಆ ಕೊನೀ ಹೊಲದವನದ.
ಬೈಯಾಕ ಅವನೂ ಅಲ್ಲೇ ಕುಂತಿದ್ದ, ಬೀಡಿ ಹಿಡಕೊಂಡು,
ಬೈಲಿಲ್ಲ.