ಐದನೇ ತಾರೀಖು

ಐದನೆಯ ದಿನದ ಕೀರ್ತನೆ ನಾನು ಓದಿಯೇ ಇರಲಿಲ್ಲ.
ಮೂರು ವರ್ಷ, ಪ್ರತಿ ತಿಂಗಳೂ ಒಂದನೇ ತಾರೀಖು
ಮುಖ ತೊಳೆದು, ತಲೆಗೆ ಸೆರಗು ಹೊದ್ದು
ಪ್ರಾರ್ಥನೆ ಪುಸ್ತಕ ಬಿಡಿಸಿ ಕೂತವಳು
ನಾಲ್ಕನೆಯ ಸಂಜೆಗೆ ಸೋತು ಮುಚ್ಚಿಡುತ್ತಿದ್ದೆ.
ಮೊದಲ ಪುಟಗಳ ಅಂಚಿಗೆಲ್ಲ ಹೆಬ್ಬೆರಳಿನ ಎಣ್ಣೆ;
ಮುಂದಿನವು ಒಂದಕ್ಕೊಂದು ಅಂಟಿಕೊಂಡೇ ಇದ್ದವು,
ದೃಢೀಕರಣದ ದಿನ ಸೊಸನ್ನತ್ತೆ ಕೈಗಿಟ್ಟ ಹಾಗೇ.

ನನ್ನದು ಮಂಡ್ಯ ಡಿಪೋ. ಐದೂ ನಲವತ್ತರ ಮೈಸೂರು ಗಾಡಿ.
ಖಾಕಿಗೆ ಇಸ್ತ್ರಿ, ಮಗಳ ಡಬ್ಬಿಗೆ ಚಿತ್ರಾನ್ನ,
ಇದರ ನಡುವೆ ದೇವರಿಗೆ ಹದಿನೈದು ನಿಮಿಷ ಎಂದರೆ
ಡ್ರೈವರ್ ಬೋರಲಿಂಗು ನಗುತ್ತಾನೆ:
"ಅಕ್ಕೋ, ನಿಮ್ ದ್ಯಾವ್ರುಗೆ ಪಾಸ್ ಐತಾ, ಟಿಕೇಟಾ?"

ಒಂದು ಭಾನುವಾರ ಸಮಾಧಾನಪ್ಪ ಅಯ್ಯನವರ ಮುಂದೆ
ಕಣ್ಣೀರು ಬಂದುಬಿಟ್ಟಿತು.
ಆರಾಧನೆ ಮುಗಿಸಿ ಬಿಳಿ ಅಂಗಿ ಮಡಿಚುತ್ತಿದ್ದರು.
"ಇವತ್ತು ತಾರೀಖು ಎಷ್ಟು?"
"ಹದಿನೇಳು."
"ಹಾಗಾದರೆ ಹದಿನೇಳನ್ನೇ ಓದು.
ಗಣಂಗೂರಿನಲ್ಲಿ ಹತ್ತಿದವನು
ಮಂಡ್ಯದಲ್ಲೇ ಹತ್ತಲಿಲ್ಲ ಅಂತ ಅಳುತ್ತಾನೇನಮ್ಮ?
ಗಾಡಿ ನೀನು ಹುಟ್ಟುವ ಮೊದಲೇ ಹೊರಟದ್ದು.
ಹತ್ತು, ಅಷ್ಟೇ."

ಹತ್ತಿದೆ.

ಒಬ್ಬಳೇ ಓದಲೆಂದು ಬರೆದದ್ದಲ್ಲ ಅದು.
ಅರ್ಧ ಸಾಲು ಅಯ್ಯನವರದು, ಇನ್ನರ್ಧ ಸಭೆಯದು.
ಗುತ್ತಲಿನ ಈ ಒಂದೇ ಕೋಣೆಯಲ್ಲಿ
ಮೊದಲರ್ಧ ಹೇಳಿ ನಿಲ್ಲುತ್ತೇನೆ.
ಆ ನಿಲುಗಡೆಯಲ್ಲಿ
ಪಕ್ಕದ ಮನೆಯ ಕುಕ್ಕರಿನ ಸೀಟಿ, ಮಸೀದಿಯ ಬಾಂಗು,
ನಿದ್ದೆಯಲ್ಲಿ ಮಗಳು ಹಲ್ಲು ಕಡಿಯುವ ಸದ್ದು.
ಯಾರೋ ಉತ್ತರ ಕೊಟ್ಟರು ಎಂದು ನಾನು ಹೇಳುವುದಿಲ್ಲ.
ಆದರೆ ಇನ್ನರ್ಧವನ್ನು ನಾನೇ ಹೇಳುವಾಗ
ದನಿ ಸ್ವಲ್ಪ ಬೇರೆ.

ಕೆಲವು ದಿನ ಬಾಯಿ ಮಾತ್ರ ಓದುತ್ತದೆ,
ಮನಸ್ಸು ಚಿಲ್ಲರೆ ಎಣಿಸುತ್ತಿರುತ್ತದೆ.
ಶತ್ರುಗಳನ್ನು ಶಪಿಸುವ ಕೀರ್ತನೆ ಬಂದಾಗ
ಚೆಕಿಂಗ್ ಇನ್‌ಸ್ಪೆಕ್ಟರನ ಮೀಸೆ ಕಣ್ಣಿಗೆ ಕಟ್ಟಿ
ಜೋರಾಗಿಯೇ ಓದಿದೆ.
ಆಮೇಲೆ ಬೇಡಿಕೆಗಳ ಕೊನೆಯಲ್ಲಿ
ಅವನ ಹೆಸರನ್ನೂ ಸೇರಿಸಿದೆ, ಒಲ್ಲದ ಮನಸ್ಸಿನಿಂದ.

ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟು,
ದಿನಕ್ಕೆ ಇನ್ನೂರು ಹರಿದು ಕೊಡುತ್ತೇನೆ.
ದುಡ್ಡಿಲ್ಲ, ಆದರೂ ಚೀಟಿ ಕೈಯಲ್ಲಿರಲೇಬೇಕು.
"ಸುಮ್ಕೆ ಯಾಕವ್ವ ಕಾಗ್ದ" ಎನ್ನುತ್ತ
ಬಾಬುರಾಯನಕೊಪ್ಪಲಿನ ಅಜ್ಜಿ
ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸುತ್ತಾಳೆ.
ನನ್ನ ಹದಿನೈದು ನಿಮಿಷವೂ ಹಾಗೆಯೇ ಏನೋ.
ಏನನ್ನೂ ಕೊಂಡಿಲ್ಲ ನಾನು ಅದರಿಂದ.
ಇಳಿಯುವ ತನಕ ಇಟ್ಟುಕೊಂಡಿರಬೇಕು.

ಸಂಜೆಯದು ಶ್ರೀರಂಗಪಟ್ಟಣದ ಸೇತುವೆಯ ಮೇಲೆ,
ನಿಂತೇ, ಕಂಬಿ ಹಿಡಿದು, ತುಟಿ ಅಲ್ಲಾಡದ ಹಾಗೆ;
ಹೊಳೆ ದಾಟಲು ಎಷ್ಟು ಹೊತ್ತೋ ಅಷ್ಟು.
ಡಿಪೋದಲ್ಲಿ ವೇಬಿಲ್ ಮುಗಿಸುವಾಗ ತಪ್ಪೊಪ್ಪಿಗೆ:
ಕಡಿಮೆ ಬಿದ್ದ ಎಂಟು ರೂಪಾಯಿ,
ಕುಡುಕನಿಗೆ ಬೈದ ಬೈಗುಳ,
ಕೈ ತೋರಿಸಿದರೂ ನಿಲ್ಲಿಸದೆ ಬಂದ ಒಂದು ಸ್ಟಾಪು.

ಆ ತಿಂಗಳಿಗೆ ಮೂವತ್ತೊಂದು ದಿನ. ಪುಸ್ತಕದಲ್ಲಿ ಮೂವತ್ತೇ.
ನಿನ್ನೆಯದನ್ನೇ ಮತ್ತೆ ಓದಬೇಕಂತೆ. ಓದಿದೆ.
ನಿನ್ನೆಯ ಹಾಗಿರಲಿಲ್ಲ.
ಒಂದು, ಎರಡು, ಮೂರು.
ನಾಲ್ಕರ ಸಂಜೆ ಮಗಳಿಗೆ ಜ್ವರ, ಬಿಟ್ಟುಹೋಯಿತು,
ಎಂದಿನಂತೆ.

ಬೆಳಿಗ್ಗೆ ಎದ್ದು ಬೆರಳು ಒದ್ದೆ ಮಾಡಿಕೊಂಡು
ಅಂಟಿದ ಪುಟ ಮೆಲ್ಲಗೆ ಬಿಡಿಸಿದೆ.
ಬಾಗಿಲುಗಳ ಮಾತಿತ್ತು ಅದರಲ್ಲಿ.
ಐದೂ ನಲವತ್ತಕ್ಕೆ ಬಾಗಿಲು ಎಳೆದುಕೊಂಡು
"ರೈಟ್" ಅನ್ನಬೇಕಾದವಳು
ಯಾಕೋ ಒಂದು ಉಸಿರು ತಡೆದೆ.
ಪೇಪರಿನ ಕಟ್ಟು ಹೊತ್ತ ಹುಡುಗನೊಬ್ಬ
ಕತ್ತಲಿಂದ ಓಡಿ ಬಂದು ಹತ್ತಿದ,
ಏದುಸಿರು ಬಿಡುತ್ತ.