ಹದಿನಾಲ್ಕು ನಿಮಿಷ

ಕಾರವಾರದಿಂದ ಶಿರಸಿಗೆ
ವಿಮಾನದಲ್ಲಾದರೆ ಹದಿನಾಲ್ಕೇ ನಿಮಿಷವಂತೆ.
ಫೋನು ನೋಡಿ ನಾನೇ ಓದಿ ಹೇಳಿದೆ.
ಟೆಂಪೋದ ಹಿಂದಿನಿಂದ ಶೇವಂತಿ ತಾಂಡೇಲ ನಕ್ಕಳು:
ಎಲ್ಲಿ ಇಳಿಸ್ತಾರೋ,
ಮೀನುಪೇಟೆಯ ತಗಡಿನ ಮೇಲೋ?

ಅವಳ ಲೆಕ್ಕ ಮಂಜುಗಡ್ಡೆಯದು.
ಅಂಕೋಲೆಯಲ್ಲಿ ಇಟ್ಟಿಗೆಯಷ್ಟು,
ಮಿರ್ಜಾನು ದಾಟುವಾಗ ಅಂಗೈಯಷ್ಟು,
ದೇವಿಮನೆ ಘಟ್ಟದ ಯಾವುದೋ ತಿರುವಿನಲ್ಲಿ
ಬರೀ ನೀರು,
ಅವಳ ಕಾಲ್ಬೆರಳ ಸಂದಿಯಲ್ಲಿ.

ಬಂಗಡೆಯ ಕಣ್ಣು ಮಸುಕಾಗುವ ಮೊದಲು ಮುಟ್ಟಿದರೆ
ಶಿರಸಿ ಹತ್ತಿರದ ಊರು.
ಇವತ್ತು ಲಾರಿಯೊಂದು ಅಡ್ಡ ಮಲಗಿದೆ.

ಇಂಜಿನ್ ಆರಿಸಿ ಕೂತೆ.
ಕಣಿವೆಯ ಮೇಲೆ ಹದ್ದೊಂದು
ಗೆರೆ ಎಳೆದ ಹಾಗೆ ಪೂರ್ವಕ್ಕೆ ಹೊರಟಿತ್ತು;
ನಮ್ಮ ಬುಟ್ಟಿಯ ವಾಸನೆಗೋ ಏನೋ
ಸುತ್ತು ಹಾಕಿ ತಿರುಗಿ ಬಂತು.

ಶೇವಂತಿ ಒದ್ದೆ ಗೋಣಿ ಎಳೆದು ಮುಚ್ಚಿದಳು.
ಹದಿನಾಲ್ಕು ನಿಮಿಷ
ಯಾವಾಗಲೋ ಮುಗಿದಿತ್ತು.